ಒಬ್ಬ ಗಿರಾಕಿಯನ್ನೇ ನಂಬಿದ ಕೈಗಾರಿಕೆ

ಸಕಲೇಶಪುರ, ಆಲೂರು, ಪಾಳ್ಯದ ಮಲೆಗಳಲ್ಲಿ ತೋಟವನ್ನು ನಡೆಯಿಸಿಕೊಂಡು ಬಂದಿರುವ ಯಾವ ಹಿರಿಯರನ್ನಾದರೂ ಕೇಳಿ ನೋಡಿರಿ: ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿಯನ್ನೇಕೆ ಹಬ್ಬಿಸಿದಿರಿ, ತಗ್ಗಿನ ತೇವದಲ್ಲಿ ಏಲಕ್ಕಿಯನ್ನೇಕೆ ಉಳಿಸಿಕೊಂಡಿರಿ ಎಂದು. ಒಂದು ಕೈಬಿಟ್ಟ ವರ್ಷ ಇನ್ನೊಂದು ಹಿಡಿದುಕೊಳ್ಳಲಿ ಎಂಬುದೇ ಅವರ ಉತ್ತರ. ಈ ವಿವೇಕವು ಗ್ರಂಥದಿಂದ ಬಂದುದಲ್ಲ. ಪೆಟ್ಟು ತಿಂದು ಕಲಿತುದು. ಎರಡನೆಯ ಮಹಾಯುದ್ಧವು ಯುರೋಪಿನ ಪೇಟೆಗಳನ್ನು ಮುಚ್ಚಿದಾಗ ನಮ್ಮ ಕಾಫಿಯನ್ನು ಕೊಳ್ಳುವವರಿಲ್ಲದೆ ಹೋದರು. ೧೯೪೨ರ ಕಾಫಿ ಮಾರುಕಟ್ಟೆ ವಿಸ್ತರಣ ಶಾಸನವು ಹುಟ್ಟಿದುದು ಆ ಸಂಕಟದಲ್ಲಿ. ಮುಂದೆ ಸೋವಿಯತ್ ದೇಶವು ನಮ್ಮ ಕಾಫಿಯ ದೊಡ್ಡ ಗಿರಾಕಿಯಾಯಿತು. ೧೯೯೧ರಲ್ಲಿ ಆ ರಾಜ್ಯವೇ ಒಡೆದು ಚೂರಾಯಿತು. ಕಾಫಿಯ ರುಚಿ ಕೆಟ್ಟಿರಲಿಲ್ಲ, ಬೆಳೆಗಾರನ ಶ್ರಮ ಕಡಿಮೆಯಾಗಿರಲಿಲ್ಲ. ಕೊಳ್ಳುವವನು ಮಾತ್ರ ಎದ್ದುಹೋಗಿದ್ದನು.

ಮಲೆನಾಡಿನ ಈ ಅನುಭವವನ್ನು ಮೊದಲು ನೆನೆದುದಕ್ಕೆ ಕಾರಣವುಂಟು. ಈ ಸಲ ನಾವು ಬರೆಯಹೊರಟಿರುವುದು ಚನ್ನಪಟ್ಟಣದ ಗೊಂಬೆಗಳ ವಿಷಯವಾಗಿ. ಮಕ್ಕಳ ಆಟಿಕೆಗೆ ಸಂಪಾದಕೀಯದ ಅಂಕಣವೇಕೆ ಎಂದು ಕೆಲವರು ನಕ್ಕಾರು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಆಟವು ಮಗುವಿನದು, ಅನ್ನವು ಮನೆಮಂದಿಯದು. ಸಣ್ಣದೊಂದು ಗೊಂಬೆಯ ಕಾರ್ಖಾನೆಯು ತನ್ನ ದೊಡ್ಡ ಗಿರಾಕಿಯನ್ನು ಕಳೆದುಕೊಂಡಾಗ ಏನಾಗುವುದೆಂಬುದನ್ನು ಸರಿಯಾಗಿ ತಿಳಿದುಕೊಂಡರೆ, ನಮ್ಮ ನಾಡಿನ ಎಲ್ಲ ಸಣ್ಣ ಕೈಗಾರಿಕೆಗಳ ನಾಡಿಯನ್ನೂ ಹಿಡಿದು ನೋಡಿದಂತಾಗುವುದು.

ಚನ್ನಪಟ್ಟಣವು ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು ೬೦ ಕಿಲೋಮೀಟರು ದೂರದಲ್ಲಿರುವ ಊರು. ಟೀಪೂ ಸುಲ್ತಾನನ ಕಾಲದಲ್ಲಿ ಪಾರಸೀಕ ದೇಶದ ಕುಶಲಿಗರಿಂದ ಈ ವಿದ್ಯೆಯು ಇಲ್ಲಿಗೆ ಬಂದಿತೆಂದು ಪರಂಪರೆಯು ಹೇಳುತ್ತದೆ; ಬಾವಾಸ್ ಮಿಯಾ ಎಂಬುವರು ಜಪಾನೀ ರೀತಿಯ ಕೆಲಸವನ್ನು ನೋಡಿ ಕಲಿತು ಅದನ್ನು ಬೆಳೆಯಿಸಿದರೆಂದು ಅಲ್ಲಿನವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆಲೆ ಮರದ ಬಿಳಿಯ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಿಸಿ, ಲೇತಿನ ಮೇಲೆ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದು. ಕೇದಗೆಯ ಗರಿಯನ್ನು ಹಿಡಿದು ತಿಕ್ಕಿದಾಗ ಅದಕ್ಕೆ ಹೊಳಪು ಬರುವುದು. ಅರಿಶಿನ, ನೀಲಿ ಮೊದಲಾದ ಸಸ್ಯವರ್ಣಗಳನ್ನು ಬೆರೆಸಿದ ಅರಗಿನ ಗೊಂಬೆಯನ್ನು ಕೂಸು ಬಾಯಿಗಿಟ್ಟುಕೊಂಡರೂ ತಾಯಿಯು ಹೆದರಬೇಕಾಗಿಲ್ಲ. ೨೦೦೫–೦೬ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಗುರುತು ದೊರೆಯಿತು. ೨೦೧೫ರ ಗಣರಾಜ್ಯೋತ್ಸವದಲ್ಲಿ ದಿಲ್ಲಿಯ ಬೀದಿಯಲ್ಲಿ ನಮ್ಮ ರಾಜ್ಯದ ಸ್ತಬ್ಧಚಿತ್ರವಾಗಿ ಮೆರೆದುವು. ಕೀರ್ತಿಗೆ ಕೊರತೆಯಿಲ್ಲ. ಆದರೆ ಕೀರ್ತಿಯು ಶನಿವಾರದ ಬಟವಾಡೆಯನ್ನು ಮಾಡುವುದಿಲ್ಲ. ಬಟವಾಡೆಗೆ ಬೇಕಾದವನು ಗಿರಾಕಿ.

ಈ ಊರಿನ ದೊಡ್ಡ ಗಿರಾಕಿಗಳು ಹೇಗೆ ಹೇಗೆ ಕೈಬಿಟ್ಟುಹೋಗುವರೆಂಬುದನ್ನು ನೋಡೋಣ. ಸಣ್ಣ ಕಾರ್ಖಾನೆಯವನು ಸಾಮಾನ್ಯವಾಗಿ ಪರದೇಶಕ್ಕೆ ನೇರವಾಗಿ ಮಾರುವವನಲ್ಲ. ಬೆಂಗಳೂರಿನಲ್ಲಿಯೋ ಮತ್ತೊಂದು ನಗರದಲ್ಲಿಯೋ ಇರುವ ರಫ್ತುದಾರನು ನಮೂನೆಯನ್ನು ಕಳುಹಿಸುವನು. ಇವನು ಸಾವಿರಗಟ್ಟಲೆ ಮಾಡಿ ಒಪ್ಪಿಸುವನು. ೨೦೦೭ರಲ್ಲಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳ ಬಣ್ಣದಲ್ಲಿ ಸೀಸವಿದೆಯೆಂದು ಅಮೆರಿಕದಲ್ಲಿ ಕೋಲಾಹಲವೆದ್ದು, ೨೦೦೮ರಲ್ಲಿ ಅಲ್ಲಿನ ಶಾಸನಸಭೆಯು ಆಟಿಕೆಗಳನ್ನೆಲ್ಲ ಸ್ವತಂತ್ರ ಪ್ರಯೋಗಶಾಲೆಯಲ್ಲಿ ಪರೀಕ್ಷಿಸತಕ್ಕದ್ದೆಂದು ವಿಧಿಸಿತು. ನಿಯಮವು ನ್ಯಾಯವಾದುದೇ. ಆದರೆ ಒಂದು ನಮೂನೆಯ ಪರೀಕ್ಷೆಗೆ ತಗಲುವ ಖರ್ಚು ನೂರು ಗೊಂಬೆ ಮಾಡುವವನಿಗೂ ಲಕ್ಷ ಗೊಂಬೆ ಮಾಡುವವನಿಗೂ ಒಂದೇ. ತಪ್ಪು ಮಾಡಿದವನು ಲಕ್ಷ ಮಾಡುವವನು. ಪರೀಕ್ಷೆಯ ಭಾರ ಬಿದ್ದುದು ನೂರು ಮಾಡುವವನ ಬೆನ್ನ ಮೇಲೆ. ಅದೇ ೨೦೦೮ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದುವು. ಅಲ್ಲಿನ ತಂದೆತಾಯಿಗಳ ಕೈ ಬಿಗಿಯಾಯಿತು. ೨೦೨೫ರ ಆಗಸ್ಟ್ ೨೭ರಿಂದ ಆ ದೇಶವು ಭಾರತದ ಬಹುತೇಕ ಸರಕುಗಳ ಮೇಲೆ ಒಟ್ಟು ಶೇಕಡ ೫೦ರಷ್ಟು ಸುಂಕವನ್ನು ಹೇರಿತು. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ರುಜುವಿಗೆ ಚನ್ನಪಟ್ಟಣದ ಲೇತು ನಿಲ್ಲುವುದೆಂದರೆ, ಆ ಲೇತಿನ ಕೀಲಿಯು ಅದನ್ನು ತಿರುಗಿಸುವವನ ಕೈಯಲ್ಲಿ ಇರಲಿಲ್ಲವೆಂದೇ ಅರ್ಥ.

ಇನ್ನೊಬ್ಬ ಗಿರಾಕಿಯು ಪರದೇಶದವನಲ್ಲ, ನಮ್ಮವನೇ, ದಾರಿಹೋಕನು. ಬೆಂಗಳೂರು–ಮೈಸೂರು ಹೆದ್ದಾರಿಯ ಎರಡು ಪಕ್ಕಗಳಲ್ಲಿಯೂ ಗೊಂಬೆಯ ಅಂಗಡಿಗಳು ಸಾಲುಗಟ್ಟಿ ನಿಂತಿದ್ದುವು. ದಸರೆಗೆ ಹೋಗುವ ಸಂಸಾರಗಳು ಕಾಫಿಗೆಂದು ಇಳಿದು, ಮಗುವಿನ ಹಟಕ್ಕೆ ಒಂದು ಬುಗುರಿಯನ್ನೋ ಗಿಲಕಿಯನ್ನೋ ಕೊಂಡು ಹೋಗುತ್ತಿದ್ದುವು. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಪ್ರಯಾಣದ ಕಾಲವು ಉಳಿಯಿತು. ಅಂಗಡಿಯ ಮುಂದೆ ಕಾರು ನಿಲ್ಲುವುದು ತಪ್ಪಿತು. ಯಾರೂ ಯಾರೊಡನೆಯೂ ಜಗಳವಾಡಲಿಲ್ಲ, ಯಾರೂ ದ್ರೋಹ ಮಾಡಲಿಲ್ಲ. ಗಿರಾಕಿಯು ಬೇರೆ ದಾರಿ ಹಿಡಿದನು, ಅಷ್ಟೆ. ರಸ್ತೆ ಬೇಡವಾಗಿತ್ತೆಂದು ನಾವು ಹೇಳುವವರಲ್ಲ. ಅದರ ನಕ್ಷೆಯನ್ನು ಬರೆದಂದೇ, ಹಳೆಯ ದಾರಿಯನ್ನು ನಂಬಿ ಬದುಕಿದವರ ಗತಿಯೇನೆಂಬ ಪ್ರಶ್ನೆಯನ್ನೂ ಬರೆದುಕೊಳ್ಳಬೇಕಾಗಿತ್ತು.

ದೊಡ್ಡ ಗಿರಾಕಿಯು ಹೋದುದರ ಪರಿಣಾಮವನ್ನು ಗೋಳಾಟದ ಮಾತಿನಿಂದಲ್ಲ, ಲೆಕ್ಕದಿಂದಲೇ ತೋರಿಸುತ್ತೇವೆ. ಉದಾಹರಣೆಗೆಂದು ಹತ್ತು ಮಂದಿ ಕೆಲಸಗಾರರುಳ್ಳ ಒಂದು ಕಾರ್ಖಾನೆಯನ್ನು ಇಟ್ಟುಕೊಳ್ಳೋಣ. ತಿಂಗಳಿಗೆ ೫ ಲಕ್ಷ ರೂಪಾಯಿನ ವ್ಯಾಪಾರ. ಅದರಲ್ಲಿ ೩ ಲಕ್ಷವು ಒಬ್ಬನೇ ರಫ್ತುದಾರನದು. ಮರ, ಅರಗು, ಬಣ್ಣ, ಸಾಗಣೆಗಳಿಗೆ ೨ ಲಕ್ಷ. ತಲೆಗೆ ೧೫,೦೦೦ದಂತೆ ಸಂಬಳ ೧ ಲಕ್ಷ ೫೦ ಸಾವಿರ. ಬಾಡಿಗೆ, ವಿದ್ಯುತ್ತು, ಸಾಲದ ಕಂತು ೬೦,೦೦೦. ಯಜಮಾನನ ಮನೆಗೆ ಉಳಿಯುವುದು ೯೦,೦೦೦. ಈಗ ಆ ರಫ್ತುದಾರನು ಬಿಟ್ಟುಹೋದನೆನ್ನಿ. ವ್ಯಾಪಾರ ೨ ಲಕ್ಷಕ್ಕೆ ಇಳಿಯಿತು. ಸಾಮಗ್ರಿಯ ಖರ್ಚೂ ಇಳಿದು ೮೦,೦೦೦ ಆಯಿತು. ಆದರೆ ಸಂಬಳವೂ ಬಾಡಿಗೆಯೂ ಕಂತೂ ತಾವಾಗಿ ಇಳಿಯುವುವೆ? ಮೊದಲು ೯೦,೦೦೦ ಉಳಿಯುತ್ತಿದ್ದ ಕಡೆಯಲ್ಲಿ ಈಗ ೯೦,೦೦೦ ಕೈಬಿಡುವುದು. ಲಾಭ ಬೇಡ, ನಷ್ಟವೊಂದು ತಪ್ಪಿದರೆ ಸಾಕೆಂದರೂ ಹತ್ತು ಮಂದಿಯಲ್ಲಿ ಆರು ಮಂದಿಯನ್ನು ಮನೆಗೆ ಕಳುಹಿಸಬೇಕು. ಕೂಡಿಸಿ ಕಳೆದು ನೋಡಿರಿ. ಲೆಕ್ಕ ಸರಿಯಾಗಿಯೇ ಇದೆ.

ಲೆಕ್ಕದ ಪುಸ್ತಕದಲ್ಲಿ ಕಾಣದ ನಷ್ಟಗಳು ಇನ್ನೂ ಕೆಲವಿವೆ. ರಫ್ತುದಾರನ ನಮೂನೆಯಂತೆ, ಅವನ ಗುರುತನ್ನು ಹಾಕಿ ಮಾಡಿಟ್ಟ ಸರಕನ್ನು ಮತ್ತೊಬ್ಬನಿಗೆ ಮಾರುವ ಹಾಗಿಲ್ಲ. ಅದು ಮೂಲೆಯಲ್ಲಿ ಬೀಳುವುದು. ಮುಂದಿನ ತಿಂಗಳುಗಳಿಗೆಂದು ಸಾಲ ತಂದು ಒಣಗಲಿಟ್ಟ ಮರವು ದುಡ್ಡನ್ನು ಕಟ್ಟಿಹಾಕಿಕೊಂಡು ಕುಳಿತಿರುವುದು. ಒಪ್ಪಿಸಿದ ಸರಕಿನ ಹಣವು ಬಾಕಿ. ಇವೆಲ್ಲಕ್ಕಿಂತ ದೊಡ್ಡ ನಷ್ಟವು ಕೈಗಳದು. ಮನೆಗೆ ಹೋದ ಆರು ಮಂದಿ ಸುಮ್ಮನೆ ಕಾದಿರುವರೆ? ಬಿಡದಿಯ ಕಾರ್ಖಾನೆಗಳು ದೂರವಿಲ್ಲ. ಬೆಂಗಳೂರು ಅದಕ್ಕಿಂತ ಬಹಳ ದೂರವಿಲ್ಲ. ಅರಗಿನ ಬಿಸಿಯನ್ನು ಬೆರಳ ತುದಿಯಿಂದಲೇ ಅಳೆಯಬಲ್ಲವನು ಒಂದು ಬಾಗಿಲಿನ ಮುಂದೆ ಕಾವಲುಗಾರನಾಗಿ ನಿಲ್ಲುವನು. ಎರಡು ವರ್ಷಗಳ ಮೇಲೆ ಹೊಸ ಗಿರಾಕಿಯು ಬಂದು ಬಾಗಿಲು ತಟ್ಟಿದಾಗ ಮರವಿರುವುದು, ಲೇತು ಇರುವುದು, ಕೆಲಸ ಬಲ್ಲ ಕೈ ಇರುವುದಿಲ್ಲ. ತಂದೆಯ ಪಾಡನ್ನು ಕಂಡ ಮಗನಂತೂ ಲೇತಿನ ಬಳಿಗೆ ಬರುವುದೇ ಇಲ್ಲ. ಹಣದ ನಷ್ಟವನ್ನು ಒಳ್ಳೆಯ ಒಂದು ವರ್ಷವು ತುಂಬಿಕೊಡಬಹುದು. ವಿದ್ಯೆಯ ನಷ್ಟವನ್ನು ತುಂಬಿಕೊಡಲು ಒಂದು ತಲೆಮಾರು ಬೇಕು.

ಹಾಗಾದರೆ ದೊಡ್ಡ ಗಿರಾಕಿಯು ಶತ್ರುವೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಕಾಲಕ್ಕೆ ಸರಿಯಾಗಿ ಒಪ್ಪಿಸುವುದನ್ನೂ, ಒಂದೇ ಅಳತೆಗೆ ಸಾವಿರ ಮಾಡುವುದನ್ನೂ, ಹೊಸ ನಮೂನೆಗಳನ್ನೂ ಅವನೇ ಕಲಿಸಿದನು. ಹತ್ತು ಸಣ್ಣ ಗಿರಾಕಿಗಳ ಹಿಂದೆ ಓಡಾಡಲು ಲೇತಿನ ಮುಂದೆ ಕುಳಿತವನಿಗೆ ಪುರುಸೊತ್ತೆಲ್ಲಿದೆ ಎಂದು ಕೇಳುವವರ ಮಾತಿನಲ್ಲಿಯೂ ಸತ್ಯವಿದೆ. ಆದರೆ ಅದೇ ಕಾರ್ಖಾನೆಯಲ್ಲಿ ಆ ರಫ್ತುದಾರನ ಪಾಲು ಐದರಲ್ಲಿ ಒಂದಾಗಿದ್ದರೆ ಏನಾಗುತ್ತಿತ್ತೆಂದು ನೋಡಿರಿ. ಅವನು ಹೋದರೆ ವ್ಯಾಪಾರ ೪ ಲಕ್ಷ. ಸಾಮಗ್ರಿಗೆ ೧ ಲಕ್ಷ ೬೦ ಸಾವಿರ. ಸಂಬಳ ಮೊದಲಿನಂತೆಯೇ ೧ ಲಕ್ಷ ೫೦ ಸಾವಿರ. ಇತರ ಖರ್ಚು ೬೦,೦೦೦. ಯಜಮಾನನಿಗೆ ೩೦,೦೦೦ ಉಳಿಯುವುದು. ಆ ತಿಂಗಳು ಮನೆಯಲ್ಲಿ ಬಿಗಿಯಾದೀತು. ಆದರೆ ಹತ್ತು ಮಂದಿಯಲ್ಲಿ ಒಬ್ಬನೂ ಮನೆಗೆ ಹೋಗಬೇಕಾಗಿಲ್ಲ. ಗಿರಾಕಿಯು ದೊಡ್ಡವನಾಗಿರುವುದು ದೋಷವಲ್ಲ. ಅವನೊಬ್ಬನೇ ಆಗಿರುವುದು ದೋಷ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ.

ಸರ್ಕಾರವು ಏನೂ ಮಾಡಿಲ್ಲವೆಂದು ದೂರುವುದು ಅನ್ಯಾಯವಾದೀತು. ಪರದೇಶದ ಆಟಿಕೆಗಳ ಮೇಲಿನ ಸುಂಕವನ್ನು ೨೦೨೦ರಲ್ಲಿ ಶೇಕಡ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿಸಲಾಯಿತು. ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗರಿಗೂ ಭೌಗೋಳಿಕ ಸೂಚಿಯ ಸರಕಿಗೂ ಅದರಿಂದ ವಿನಾಯಿತಿ ದೊರೆತುದು ವಿವೇಕದ ಕೆಲಸ. ೨೦೧೮–೧೯ರಲ್ಲಿ ೩೭ ಕೋಟಿ ೧೦ ಲಕ್ಷ ಡಾಲರುಗಳಷ್ಟಿದ್ದ ಆಟಿಕೆಗಳ ಆಮದು ೨೦೨೧–೨೨ರಲ್ಲಿ ೧೧ ಕೋಟಿ ಡಾಲರಿಗೆ ಇಳಿಯಿತೆಂದು ಕೇಂದ್ರ ಸರ್ಕಾರದ ಲೆಕ್ಕ. ಇದು ಸಂತೋಷದ ಸಂಗತಿ. ಆದರೆ ಹೊರಗಿನ ಸರಕನ್ನು ತಡೆದ ಮಾತ್ರಕ್ಕೆ ಒಳಗಿನ ಸಣ್ಣವನಿಗೆ ಗಿರಾಕಿಯು ದೊರೆತಂತಾಗಲಿಲ್ಲ. ಬಿಟ್ಟುಹೋದ ಜಾಗವನ್ನು ದೇಶದ ದೊಡ್ಡ ಪ್ಲಾಸ್ಟಿಕ್ ಕಾರ್ಖಾನೆಯೂ ತುಂಬಬಲ್ಲದು. ಬೇಲಿಯು ದನವನ್ನು ತಡೆಯುತ್ತದೆ. ಪೈರಿಗೆ ನೀರು ಹಾಯಿಸುವುದಿಲ್ಲ.

ಇನ್ನು ಕಾನೂನಿನ ಮಾತು. ನ್ಯಾಯಾಲಯದ ಮೆಟ್ಟಿಲನ್ನು ದಿನವೂ ಹತ್ತಿಳಿಯುವ ನಮಗೆ ಸಣ್ಣ ಕೈಗಾರಿಕೆಯವರು ಬರುವುದು ಸಾಮಾನ್ಯವಾಗಿ ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿಸುವುದಕ್ಕೆ. ಆದಕಾರಣ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ೨೦೦೬ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಶಾಸನದಂತೆ, ಸಣ್ಣ ಉದ್ಯಮದಿಂದ ಸರಕನ್ನು ಪಡೆದವನು ಒಪ್ಪಂದದ ಅವಧಿಯೊಳಗೆ, ಹೇಗಾದರೂ ೪೫ ದಿನಗಳನ್ನು ಮೀರದಂತೆ, ಹಣವನ್ನು ಸಲ್ಲಿಸತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕು ಸಾರಿದ ಬ್ಯಾಂಕ್ ದರದ ಮೂರರಷ್ಟು ಬಡ್ಡಿಯನ್ನು ತಿಂಗಳು ತಿಂಗಳಿಗೂ ಚಕ್ರಬಡ್ಡಿಯಾಗಿ ತೆರಬೇಕು. ವಿವಾದವಾದರೆ ರಾಜ್ಯದ ಸೌಲಭ್ಯ ಮಂಡಲಿಯ ಮುಂದೆ ಹೋಗಬಹುದು. ರಫ್ತುದಾರನು ಈ ದೇಶದವನಾದರೆ ಈ ಶಾಸನವು ಅವನಿಗೂ ತಗಲುತ್ತದೆ. ಇದರ ರಕ್ಷಣೆ ಬೇಕಾದವನು ೨೦೨೦ರ ಜುಲೈಯಿಂದ ನಡೆಯುತ್ತಿರುವ ಉದ್ಯಮ್ ನೋಂದಣಿಯನ್ನು ಸರಕನ್ನು ಒಪ್ಪಿಸುವ ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. ಪರದೇಶದವನಿಗೇ ನೇರವಾಗಿ ಮಾರುವವನು, ೧೯೫೭ರಲ್ಲಿ ಸ್ಥಾಪನೆಯಾಗಿ ಈಗ ಇ.ಸಿ.ಜಿ.ಸಿ. ಎಂದು ಕರೆಯಲ್ಪಡುವ ಸರ್ಕಾರದ ಸಂಸ್ಥೆಯಲ್ಲಿ ಬಾಕಿಯ ಹಣಕ್ಕೆ ವಿಮೆಯನ್ನು ಮಾಡಿಸಬಹುದು.

ಆದರೆ ಈ ಶಾಸನಗಳೆಲ್ಲ ಒಪ್ಪಿಸಿದ ಸರಕಿನ ಹಣವನ್ನು ಕೊಡಿಸಬಲ್ಲುವೇ ಹೊರತು, ಮುಂದಿನ ತಿಂಗಳ ಕೆಲಸವನ್ನು ಕೊಡಿಸಲಾರವು. ಬೇಡವೆನ್ನುವ ಗಿರಾಕಿಯನ್ನು ಕೊಳ್ಳು ಎಂದು ಬಲವಂತಪಡಿಸುವ ಶಾಸನವು ಲೋಕದಲ್ಲಿಲ್ಲ, ಇರತಕ್ಕದ್ದೂ ಅಲ್ಲ. ಅಲ್ಲಿ ಕಾಪಾಡುವುದು ಒಪ್ಪಂದದ ಕಾಗದವೊಂದೇ. ನಮ್ಮ ಕುಶಲಿಗರು ದೂರವಾಣಿಯ ಮಾತಿನ ಮೇಲೆ, ಹಳೆಯ ಸ್ನೇಹದ ಮೇಲೆ ಲಕ್ಷಗಟ್ಟಲೆ ಸರಕಿಗೆ ಕೈಹಾಕುತ್ತಾರೆ. ಕೆಲಸವನ್ನು ನಿಲ್ಲಿಸುವುದಾದರೆ ಮೂರು ತಿಂಗಳ ಮುನ್ಸೂಚನೆ ಕೊಡತಕ್ಕದ್ದು, ತನ್ನ ನಮೂನೆಯಂತೆ ಮಾಡಿಸಿದ ಸರಕನ್ನು ಎತ್ತಿಕೊಳ್ಳತಕ್ಕದ್ದು, ಮರ ಕೊಳ್ಳಲು ಮೂರರಲ್ಲೊಂದು ಪಾಲು ಮುಂಗಡ ಕೊಡತಕ್ಕದ್ದು ಎಂಬ ಮೂರು ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ರುಜು ಹಾಕಿಸಿಕೊಂಡರೆ, ೧೮೭೨ರ ಕರಾರು ಶಾಸನದಂತೆ ಭಂಗವಾದಾಗ ಪರಿಹಾರವನ್ನು ಕೇಳಲು ಆಧಾರವಿರುವುದು. ಸ್ನೇಹವು ಕಾಗದದಿಂದ ಕೆಡುವುದಿಲ್ಲ; ಎಷ್ಟೋ ವೇಳೆ ಉಳಿಯುವುದು ಅದರಿಂದಲೇ.

ಗಿರಾಕಿಗಳನ್ನು ಹೆಚ್ಚಿಸಿಕೊಳ್ಳುವ ಬಗೆಯೇನು? ಒಬ್ಬೊಬ್ಬ ಕುಶಲಿಗನು ಒಂಟಿಯಾಗಿ ಇದನ್ನು ಸಾಧಿಸಲಾರನು. ಹತ್ತು ಕಾರ್ಖಾನೆಗಳು ಕೂಡಿದರೆ ಸಾಧಿಸಬಹುದು. ಕೂಡಿ ಒಬ್ಬ ಮಾರಾಟಗಾರನನ್ನು ಇಟ್ಟುಕೊಳ್ಳಲಿ. ಕೂಡಿ ನಮೂನೆಗಳ ಪರೀಕ್ಷೆಯನ್ನು ಮಾಡಿಸಲಿ. ಕೂಡಿ ಮರವನ್ನು ಕೊಳ್ಳಲಿ. ಸಹಕಾರವು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ೧೯೦೫ರಲ್ಲಿಯೇ ಗದುಗಿನ ಬಳಿಯ ಕಣಗಿನಹಾಳದ ರೈತರು ಕೂಡಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ರೈತನಿಗೆ ಸಾಧ್ಯವಾದುದು ಗೊಂಬೆಯವನಿಗೆ ಅಸಾಧ್ಯವೇಕೆ? ಇದರೊಡನೆ, ಪ್ರತಿಯೊಂದು ಕಾರ್ಖಾನೆಯೂ ತನ್ನದೇ ಎನ್ನಬಹುದಾದ ನಾಲ್ಕು ನಮೂನೆಗಳನ್ನು ಇಟ್ಟುಕೊಂಡಿರಬೇಕು. ಬರಿಯ ಪರರ ನಮೂನೆಯನ್ನು ಮಾಡುವವನು ಪರರು ಹೋದ ದಿನ ಬರಿಗೈಯಲ್ಲಿ ನಿಲ್ಲುವನು.

ಮನೆಯ ಬಳಿಯಲ್ಲೇ ಇರುವ ಗಿರಾಕಿಯನ್ನು ನಾವು ಮರೆತಿದ್ದೇವೆ. ನಮ್ಮ ರಾಜ್ಯದಲ್ಲಿ ೬೫,೦೦೦ಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಒಂದೊಂದಕ್ಕೆ ವರ್ಷದಲ್ಲಿ ೧,೦೦೦ ರೂಪಾಯಿನ ಮರದ ಗೊಂಬೆಗಳನ್ನು ಕೊಂಡರೂ ಆರೂವರೆ ಕೋಟಿ ರೂಪಾಯಿನ ವ್ಯಾಪಾರವಾಗುವುದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಳೆಯ ಮಕ್ಕಳಿಗೆ ಆಟದ ಮೂಲಕ ಪಾಠವೆಂದು ಹೇಳಿದೆ. ಎಣಿಕೆಯ ಮಣಿ, ಬಣ್ಣದ ಬಳೆ, ಆಕಾರದ ತುಂಡು ಇವೆಲ್ಲವೂ ಚನ್ನಪಟ್ಟಣದ ಲೇತಿನಲ್ಲಿ ಹುಟ್ಟತಕ್ಕ ವಸ್ತುಗಳೇ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ. ರಫ್ತುದಾರನೊಬ್ಬನ ಬದಲು ಸರ್ಕಾರವೊಂದನ್ನೇ ನಂಬಿದರೆ ಯಜಮಾನನು ಬದಲಾದನೇ ಹೊರತು ಅವಸ್ಥೆಯು ಬದಲಾಗಲಿಲ್ಲ. ಬೆಂಗಳೂರಿನಲ್ಲಿ ಒಂದೇ ದೊಡ್ಡ ಟೆಂಡರನ್ನು ಕರೆದರೆ ಅದು ಸಣ್ಣವರ ಕೈಗೆ ಎಟಕುವುದೂ ಇಲ್ಲ. ಖರೀದಿಯು ತಾಲ್ಲೂಕು ತಾಲ್ಲೂಕಿನ ಮಟ್ಟದಲ್ಲಿ, ಸಣ್ಣ ಸಣ್ಣ ಪಾಲುಗಳಾಗಿ, ಕುಶಲಿಗರ ಸಂಘಗಳಿಂದಲೇ ನಡೆಯಬೇಕು. ಹಣವು ಆ ೪೫ ದಿನಗಳೊಳಗೆ ಸಲ್ಲಬೇಕು. ಶಾಸನವನ್ನು ಮಾಡಿದವರೇ ಅದನ್ನು ಮೊದಲು ಪಾಲಿಸುವುದು ಲಕ್ಷಣ.

ಉಪಾಧ್ಯಾಯ ಮಹನೀಯರಲ್ಲಿ ನಮ್ಮದೊಂದು ವಿಶೇಷ ಬಿನ್ನಹ. ಪಾಳ್ಯದಂಥ ಊರಿನ ಶಾಲೆಗೆ ಎಂಟುನೂರು ಸಾವಿರ ರೂಪಾಯಿನ ಆಟಿಕೆಯು ದೊಡ್ಡ ಸಂಗತಿಯಲ್ಲ. ಹಳೆಯ ವಿದ್ಯಾರ್ಥಿಗಳೋ ತೋಟದ ಯಜಮಾನರೋ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಕೂಡಿಬರುವ ಹಣ. ಅದನ್ನು ಕುಶಲಿಗರಿಂದಲೇ ತರಿಸಿರಿ. ಆ ಗೊಂಬೆಯು ಯಾವ ಊರಿನದು, ಯಾವ ಮರದ್ದು, ಅರಗು ಎಲ್ಲಿಂದ ಬರುವುದು ಎಂಬುದನ್ನು ಅದರಿಂದಲೇ ಪಾಠ ಹೇಳಿರಿ. ಹೀಗೆ ಒಂದು ಶಾಲೆಯು ಕೊಂಡುದರಿಂದ ಒಂದು ಕಾರ್ಖಾನೆಯು ಉಳಿಯದು, ನಿಜ. ಆದರೆ ಒಂದು ಸಾವಿರ ಶಾಲೆಗಳು ಒಂದೇ ದಿನ ಎದ್ದುಹೋಗುವುದಿಲ್ಲ. ಸಣ್ಣ ಗಿರಾಕಿಯ ಬಲವೆಂಬುದು ಇದೇ.

ದಾನವೆಂದು ಯಾರೂ ಕೊಳ್ಳುವುದು ಬೇಡ. ಸರಕು ಚೆನ್ನಾಗಿದ್ದರೆ ಕೊಳ್ಳಿರಿ, ಸೊಟ್ಟಗಿದ್ದರೆ ಹಿಂದಿರುಗಿಸಿರಿ. ಕುಶಲಿಗನಿಗೆ ಅದರಿಂದ ಅವಮಾನವಿಲ್ಲ. ಅವನು ಕೇಳುತ್ತಿರುವುದು ಕರುಣೆಯನ್ನಲ್ಲ, ಕೆಲಸವನ್ನು. ಮೆಣಸಿನ ಬಳ್ಳಿಯನ್ನು ಹಬ್ಬಿಸಿಕೊಂಡು ಕಾಫಿಯ ಕೆಟ್ಟ ವರ್ಷಗಳನ್ನು ದಾಟಿ ಬಂದಿರುವ ನಮ್ಮ ಮಲೆಯ ಜನಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರುವ ದಸರೆಯ ಗೊಂಬೆಯ ಮೆಟ್ಟಿಲಿನ ಮೇಲೆ ಚನ್ನಪಟ್ಟಣದ ಒಂದೆರಡು ಗೊಂಬೆಗಳಾದರೂ ಇರಲಿ. ಕೊಂಡವರು ಅಂಗಡಿಯವನ ವಿಳಾಸವನ್ನು ಬರೆದಿಟ್ಟುಕೊಂಡು ಮರುವರ್ಷವೂ ಬರೆದು ತರಿಸಲಿ.